ಎಂದೂ ಓಡದ ಬಸ್ಸಿಗೂ ಒಂದು ಅಳತೆ ಬೇಕು

ಎರಡು ಅಂತಸ್ತಿನ ಬಸ್ಸು. ಅದರ ನೆತ್ತಿಯ ಮೇಲೆ ಹಿಂದಕ್ಕೆ ಚಾಚಿದ ಎರಡು ಉದ್ದನೆಯ ಕೋಲು. ಕೋಲಿನ ತುದಿಗಳು ರಸ್ತೆಯ ಮೇಲೆ ಕಟ್ಟಿದ ಎರಡು ತಂತಿಗಳಿಗೆ ಒತ್ತಿಕೊಂಡೇ ಸಾಗುತ್ತವೆ. ಹೊಗೆ ಇಲ್ಲ, ಎಂಜಿನ್ನಿನ ಗದ್ದಲ ಇಲ್ಲ, ಕೆಳಗೆ ಹಳಿಯೂ ಇಲ್ಲ. ಬ್ರಿಟನ್ನಿನ ಊರುಗಳಲ್ಲಿ ಇಂಥ ಟ್ರಾಲಿ ಬಸ್ಸುಗಳು ದಶಕಗಳ ಕಾಲ ಓಡಿದವು. ಲೀಡ್ಸ್ ಮತ್ತು ಬ್ರಾಡ್‌ಫರ್ಡ್‌ನಲ್ಲಿ 1911ರಲ್ಲಿ ಶುರುವಾದ ಕಥೆ, ಬ್ರಾಡ್‌ಫರ್ಡ್‌ನಲ್ಲೇ 1972ರ ಮಾರ್ಚ್ 26ರಂದು ಮುಗಿಯಿತು. ನಡುವೆ ಲಂಡನ್ ಒಂದರಲ್ಲೇ, ಸಂಖ್ಯೆ ಅತಿ ಹೆಚ್ಚಾಗಿದ್ದ ಕಾಲದಲ್ಲಿ, 1,811 ಟ್ರಾಲಿ ಬಸ್ಸುಗಳಿದ್ದವು. ಅಲ್ಲಿ ಕೊನೆಯದು ಡಿಪೋ ಸೇರಿದ್ದು 1962ರ ಮೇ 8ರಂದು.

ಈ ಬಸ್ಸುಗಳ ಪುಟ್ಟ ಮಾದರಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರು ಇದ್ದ ಬಸ್ಸನ್ನು ಬಿಟ್ಟು, ಇಲ್ಲದ ಊರಿನ, ಯಾವ ಕಾರ್ಖಾನೆಯಲ್ಲೂ ತಯಾರಾಗದ ಬಸ್ಸೊಂದನ್ನು ಕಟ್ಟಲು ಕೂರುತ್ತಾರೆ. ಇದು ಸುಲಭ ಅಂತ ಅನ್ನಿಸಬಹುದು. ತಪ್ಪು ಹಿಡಿಯಲು ಯಾರ ಕೈಯಲ್ಲೂ ಫೋಟೋ ಇಲ್ಲ, ಅಲ್ವಾ? ನನ್ನ ಪ್ರಕಾರ ಇದೇ ಹೆಚ್ಚು ಕಷ್ಟ. ಇದ್ದ ಬಸ್ಸಾದರೆ ನೋಡಿ ನಕಲು ಮಾಡಬಹುದು. ಇಲ್ಲದ ಬಸ್ಸಿನಲ್ಲಿ ಪ್ರತಿ ಗೆರೆಗೂ ಒಂದು ಕಾರಣವನ್ನು ನಾವೇ ಹುಡುಕಬೇಕು. ಹಾಗೆ ಹುಡುಕುತ್ತಾ ಹೋದಾಗಲೇ ಹಳೇ ಬಸ್ಸುಗಳು ಯಾಕೆ ಹಾಗಿದ್ದವು ಅನ್ನೋದು ಅರ್ಥವಾಗುವುದು.

ಮೊದಲ ಪ್ರಶ್ನೆ: ಯಾವ ವರ್ಷದ ಬಸ್ಸು? 1938 ಅಂತ ಇಟ್ಟುಕೊಳ್ಳೋಣ. ವರ್ಷ ಗೊತ್ತಾದ ಕೂಡಲೇ ಅರ್ಧ ಬಸ್ಸು ತಾನಾಗಿಯೇ ಕಣ್ಣ ಮುಂದೆ ಬರುತ್ತದೆ. ಆಗಿನ ಬ್ರಿಟಿಷ್ ನಿಯಮದಂತೆ ನಾಲ್ಕು ಚಕ್ರದ ಡಬಲ್ ಡೆಕ್ಕರ್ 26 ಅಡಿಗಿಂತ ಉದ್ದ ಇರುವಂತಿಲ್ಲ. 30 ಅಡಿ ಬೇಕಿದ್ದರೆ ಮೂರು ಆಕ್ಸಲ್, ಅಂದರೆ ಆರು ಚಕ್ರ ಇರಲೇಬೇಕು. ಅಗಲ ಏಳೂವರೆ ಅಡಿ. ಎಂಟು ಅಡಿಗೆ ಸಾಮಾನ್ಯ ಅನುಮತಿ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಇದಕ್ಕೆ ಒಂದು ಸೊಗಸಾದ ಅಪವಾದ ಇದೆ. ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಜೊಹಾನ್ಸ್‌ಬರ್ಗ್‌ಗೆಂದು ತಯಾರಾದ 43 ಬಸ್ಸುಗಳನ್ನು ಯುದ್ಧದ ಕಾರಣ ಹಡಗಿನಲ್ಲಿ ಕಳಿಸಲಾಗಲಿಲ್ಲ. ಎಂಟು ಅಡಿ ಅಗಲದ ಆ ಬಸ್ಸುಗಳು ವಿಶೇಷ ಅನುಮತಿ ಪಡೆದು ಲಂಡನ್ನಿನ ಇಲ್‌ಫರ್ಡ್ ಕಡೆ ಓಡಿದವು. ಕಲ್ಪನೆಯ ಬಸ್ಸು ಕಟ್ಟುವವರಿಗೆ ಇಂಥ ಸಂಗತಿ ಬಂಗಾರ. ‘ಬೇರೆ ದೇಶಕ್ಕೆ ಹೋಗಬೇಕಿದ್ದ ಬಸ್ಸು ಇಲ್ಲೇ ಉಳಿಯಿತು’ ಎಂಬ ಒಂದೇ ಮಾತಿನಿಂದ 1941ರಲ್ಲೂ ಅಗಲವಾದ ಬಸ್ಸನ್ನು ಸಮರ್ಥಿಸಬಹುದು.

ಮೂತಿಯೂ ಹಾಗೇ. ಟ್ರಾಲಿ ಬಸ್ಸಿಗೆ ಮುಂದೆ ಎಂಜಿನ್ ಇಲ್ಲ. ಮೋಟಾರು ನೆಲದ ಕೆಳಗೆ, ಆಕ್ಸಲ್‌ಗಳ ನಡುವೆ ಕೂತಿರುತ್ತದೆ. ಹಾಗಾಗಿ ಬಾನೆಟ್ ಬೇಕಿಲ್ಲ, ಮುಂಭಾಗ ಪೂರ್ತಿ ಚಪ್ಪಟೆ. ಆದರೂ 1931ರಲ್ಲಿ ಲಂಡನ್ನಿಗೆ ಬಂದ ಮೊದಲ ಟ್ರಾಲಿ ಬಸ್ಸುಗಳಿಗೆ ಪೆಟ್ರೋಲ್ ಬಸ್ಸಿನದೇ ಮೂತಿ ಇತ್ತು. ಹೊಸ ಯಂತ್ರಕ್ಕೆ ಕೆಲವು ಕಾಲ ಹಳೇ ಯಂತ್ರದ ಮುಖವೇ ಇರುತ್ತದೆ. ನಿಮ್ಮ ಬಸ್ಸು 1931ರದಾದರೆ ಮೂತಿ ಇರಲಿ, 1938ರದಾದರೆ ಬೇಡ.

ಇನ್ನು ಅಳತೆ. ಬ್ರಿಟಿಷ್ ಮಾಡೆಲ್‌ಗಾರರ ಮೆಚ್ಚಿನ ಅಳತೆ 1:76. ಒಂದು ಅಡಿಗೆ 4 ಮಿ.ಮೀ. ಲೆಕ್ಕ ಬಾಯಲ್ಲೇ ಮಾಡಬಹುದು. 30 ಅಡಿ ಉದ್ದ 120 ಮಿ.ಮೀ ಆಗುತ್ತದೆ, ಏಳೂವರೆ ಅಡಿ ಅಗಲ 30 ಮಿ.ಮೀ, 15 ಅಡಿ ಎತ್ತರ 60 ಮಿ.ಮೀ. ಬಸ್ಸು ಅಂಗೈಯಲ್ಲಿ ಕೂರುತ್ತದೆ.

ಇಲ್ಲಿಂದ ಮುಂದೆ ನಿಜವಾದ ತೊಡಕು ಶುರು. ಉದ್ದ, ಅಗಲ, ಎತ್ತರವನ್ನು 76 ಪಟ್ಟು ಕುಗ್ಗಿಸಬಹುದು. ವಸ್ತುವಿನ ಗುಣವನ್ನು ಕುಗ್ಗಿಸಲಾಗದು. ಕಿಟಕಿಯ ಗಾಜನ್ನೇ ನೋಡಿ. ನಿಜವಾದ ಗಾಜು 6 ಮಿ.ಮೀ ದಪ್ಪ ಇದ್ದರೆ ಮಾದರಿಯಲ್ಲಿ ಅದು 0.08 ಮಿ.ಮೀ ಆಗಬೇಕು. ಅಷ್ಟು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಅಲೆಅಲೆಯಾಗಿ ಮುದುರುತ್ತದೆ. ಸರಿ ಅಂತ 0.25 ಮಿ.ಮೀ ಹಾಳೆ ಹಾಕಿದರೆ ಅದು ನಿಜವಾದ ಬಸ್ಸಿನಲ್ಲಿ 19 ಮಿ.ಮೀ ಗಾಜಿಗೆ ಸಮ. ಬಣ್ಣವೂ ಬಿಡುವುದಿಲ್ಲ. ಎರಡು ಮೂರು ಕೋಟ್ ಸೇರಿ 0.05 ಮಿ.ಮೀ ಆದರೂ ಸಾಕು, ಅದು ಸುಮಾರು 4 ಮಿ.ಮೀ ದಪ್ಪದ ಬಣ್ಣ. ತಗಡಿನ ಜೋಡಣೆಯ ಗೆರೆಗಳೆಲ್ಲ ಅದರಲ್ಲಿ ಮುಳುಗಿ ಹೋಗುತ್ತವೆ. ಅದಕ್ಕೇ ಅನುಭವಿಗಳು ಏರ್‌ಬ್ರಷ್‌ನಲ್ಲಿ ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಹೊಡೆಯುತ್ತಾರೆ.

ಹಾಗಾದರೆ ಎಷ್ಟು ವಿವರ ಬೇಕು? ಇದಕ್ಕೆ ನಮ್ಮ ಕಣ್ಣೇ ಉತ್ತರ ಕೊಡುತ್ತದೆ. ಮಾದರಿಯನ್ನು ಸಾಮಾನ್ಯವಾಗಿ 30 ಸೆಂ.ಮೀ ದೂರದಿಂದ ನೋಡುತ್ತೇವೆ. ಅದನ್ನು 76ರಿಂದ ಗುಣಿಸಿದರೆ 23 ಮೀಟರ್. ಅಂದರೆ ರಸ್ತೆಯ ಆಚೆ ಬದಿಗಿಂತಲೂ ದೂರದಲ್ಲಿ ನಿಂತು ನಿಜವಾದ ಬಸ್ಸನ್ನು ನೋಡಿದ ಹಾಗೆ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ. 23 ಮೀಟರ್ ದೂರದಲ್ಲಿ ಇದು 6 ರಿಂದ 7 ಮಿ.ಮೀ ಆಗುತ್ತದೆ. ಅದಕ್ಕಿಂತ ಚಿಕ್ಕ ಸ್ಕ್ರೂ, ಸಂದು, ರಿವೆಟ್ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಎಷ್ಟೋ ಮಾದರಿಗಳಲ್ಲಿ ರಿವೆಟ್‌ಗಳು ಗುಳ್ಳೆ ಎದ್ದಂತೆ ಕಾಣುತ್ತವೆ. ಕಾಣದ್ದನ್ನು ಬಿಡುವುದು ಸೋಮಾರಿತನ ಅಲ್ಲ, ಅದೂ ಅಳತೆಗೆ ಸೇರಿದ್ದೇ.

ಬಸ್ಸಿನ ಪಕ್ಕಗಳು ಸುಲಭ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಕಿಟಕಿಗಳನ್ನು ಕೊರೆದು, ದ್ರಾವಕ ಸವರಿ ಜೋಡಿಸಿದರಾಯಿತು. ಈ ದ್ರಾವಕ ಗೋಂದಿನ ಹಾಗೆ ನಡುವೆ ಕೂರುವುದಿಲ್ಲ. ಎರಡೂ ಹಾಳೆಗಳನ್ನು ಸ್ವಲ್ಪ ಕರಗಿಸುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಕರಗಿದ ಭಾಗಗಳು ಬೆರೆತು ಒಂದಾಗುತ್ತವೆ. ಬ್ರಷ್‌ನ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು, ದ್ರಾವಕ ತಾನೇ ಒಳಗೆ ಎಳೆದುಕೊಂಡು ಹೋಗುವುದನ್ನು ಕಣ್ಣಾರೆ ನೋಡಬಹುದು. ಜಾಸ್ತಿ ಹಾಕಿದರೆ ಮಾತ್ರ ಅಪಾಯ. ಎರಡು ಅಗಲವಾದ ಹಾಳೆಗಳ ನಡುವೆ ಸಿಕ್ಕಿಕೊಂಡ ದ್ರಾವಕ ದಿನಗಟ್ಟಲೆ ಮೆಲ್ಲಗೆ ಹೊರಬರುತ್ತಾ ಇಡೀ ಪಕ್ಕವನ್ನು ಬಾಗಿಸಿಬಿಡುತ್ತದೆ.

ಛಾವಣಿಯ ಮುಂದಿನ, ಹಿಂದಿನ ಗುಮ್ಮಟಗಳ ಕಥೆ ಬೇರೆ. ಚಪ್ಪಟೆ ಹಾಳೆಯನ್ನು ಒಂದು ದಿಕ್ಕಿಗೆ ಬಗ್ಗಿಸಬಹುದು. ಒಟ್ಟಿಗೇ ಎರಡು ದಿಕ್ಕಿಗೆ ಬಗ್ಗಿಸಲು ಹೋದರೆ ಸುಕ್ಕು ಬೀಳುತ್ತದೆ, ಇಲ್ಲವೇ ಹರಿಯುತ್ತದೆ. ಇದು ಕೈಚಳಕದ ಕೊರತೆಯಲ್ಲ. ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮೇಲ್ಮೈಯನ್ನು ಗುಮ್ಮಟ ಮಾಡುವುದು ಸಾಧ್ಯವೇ ಇಲ್ಲ ಎಂಬುದು ಗಣಿತಜ್ಞ ಗೌಸ್ 1827ರಲ್ಲಿ ಪ್ರಕಟಿಸಿದ ಪ್ರಮೇಯದಿಂದಲೇ ಗೊತ್ತಾಗುತ್ತದೆ. ಬಸ್ ಕಾರ್ಖಾನೆಯ ಕೆಲಸಗಾರ ಲೋಹದ ತಗಡನ್ನು ಬಡಿದು ಬಡಿದು ಹಿಗ್ಗಿಸುತ್ತಿದ್ದ. ಮಾದರಿಯಲ್ಲಿ ಆ ಕೆಲಸವನ್ನು ಬಿಸಿಯಿಂದ ಮಾಡಿಸುತ್ತೇವೆ. ಮರದಲ್ಲಿ ಗುಮ್ಮಟದ ಅಚ್ಚು ಕೆತ್ತಬೇಕು. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಹಾಳೆಯನ್ನು ಅದಕ್ಕಿಂತ ಒಂದಿಷ್ಟು ಹೆಚ್ಚು ಬಿಸಿ ಮಾಡಿ, ಜೋಲು ಬೀಳಲು ಶುರುವಾದ ಕ್ಷಣದಲ್ಲಿ ಅಚ್ಚಿನ ಮೇಲೆ ಒತ್ತಬೇಕು. ಎಲ್ಲಿ ಹೆಚ್ಚು ಹಿಗ್ಗಿತೋ ಅಲ್ಲಿ ಹಾಳೆ ತೆಳ್ಳಗಾಗಿರುತ್ತದೆ. ಬೆಳಕಿಗೆ ಹಿಡಿದರೆ ಆ ಮೂಲೆಗಳು ಸ್ವಲ್ಪ ಪಾರದರ್ಶಕವಾಗಿ ಕಾಣುತ್ತವೆ. ಸ್ಯಾಂಡ್‌ಪೇಪರ್ ತೀಡುವಾಗ ಆ ಜಾಗದಲ್ಲಿ ಹುಷಾರು.

ಈಗ ಟ್ರಾಲಿ ಬಸ್ಸಿನ ಜೀವಾಳಕ್ಕೆ ಬರೋಣ: ಕೋಲು ಮತ್ತು ತಂತಿ. ಟ್ರಾಮಿಗೆ ಒಂದೇ ತಂತಿ ಸಾಕು, ಕರೆಂಟು ಹಳಿಯ ಮೂಲಕ ವಾಪಸ್ ಹೋಗುತ್ತದೆ. ಟ್ರಾಲಿ ಬಸ್ಸಿನದು ರಬ್ಬರ್ ಚಕ್ರ. ಹಾಗಾಗಿ ಹೋಗಲು ಒಂದು, ಬರಲು ಒಂದು, ಒಟ್ಟು ಎರಡು ತಂತಿ. ಇವುಗಳಲ್ಲಿ ಸುಮಾರು 600 ವೋಲ್ಟ್ ಡಿ.ಸಿ. ಬ್ರಿಟನ್ನಿನಲ್ಲಿ ಎರಡು ತಂತಿಗಳ ನಡುವೆ ಸಾಮಾನ್ಯವಾಗಿ 2 ಅಡಿ, ರಸ್ತೆಯಿಂದ ಎತ್ತರ ಸುಮಾರು 20 ಅಡಿ. ನಮ್ಮ ಅಳತೆಯಲ್ಲಿ 8 ಮಿ.ಮೀ ಮತ್ತು 80 ಮಿ.ಮೀ.

ಕೋಲು 18 ಅಡಿ ಅಂತ ಇಟ್ಟುಕೊಳ್ಳಿ. ಡಬಲ್ ಡೆಕ್ಕರ್‌ನ ನೆತ್ತಿ 15 ಅಡಿಯಲ್ಲಿದೆ, ತಂತಿಗೆ ಇನ್ನು 5 ಅಡಿ ಏರಿದರೆ ಸಾಕು. ಕೋಲು ಹೆಚ್ಚುಕಡಿಮೆ ಮಲಗಿಕೊಂಡೇ ಇರುತ್ತದೆ, ಅಡ್ಡಡ್ಡವಾಗಿ 17 ಅಡಿಗೂ ಹೆಚ್ಚು ಚಾಚುತ್ತದೆ. ಬಸ್ಸು ತಂತಿಯಿಂದ ಪಕ್ಕಕ್ಕೆ ಸರಿದು ನಿಂತ ಗಾಡಿಯನ್ನು ದಾಟಿಹೋಗಲು ಈ ಚಾಚೇ ಆಧಾರ. ಅದೇ ಕೋಲನ್ನು 10 ಅಡಿ ಎತ್ತರದ ಒಂದಂತಸ್ತಿನ ಬಸ್ಸಿನ ಮೇಲೆ ಇಟ್ಟರೆ 10 ಅಡಿ ಏರಬೇಕು, ಚಾಚು 15 ಅಡಿಗೆ ಇಳಿಯುತ್ತದೆ. ಮಾಸ್ಕೋದಲ್ಲಿ ಆದದ್ದು ಇದೇ. ಯಾರೊಸ್ಲಾವ್ಲ್ ಕಾರ್ಖಾನೆ 1938-39ರಲ್ಲಿ ಅಲ್ಲಿಗಾಗಿ 10 ಡಬಲ್ ಡೆಕ್ಕರ್ ಟ್ರಾಲಿ ಬಸ್ಸುಗಳನ್ನು ಕಟ್ಟಿತು. ಅವುಗಳಿಗಾಗಿ ತಂತಿ ಮೇಲೇರಿಸಿದಾಗ, ಅದೇ ತಂತಿಯಲ್ಲಿ ಓಡುತ್ತಿದ್ದ ಒಂದಂತಸ್ತಿನ ಬಸ್ಸುಗಳಿಗೆ ಪಕ್ಕಕ್ಕೆ ಸರಿಯಲು ಜಾಗ ಸಾಲಲಿಲ್ಲ. 1953ರ ಹೊತ್ತಿಗೆ ಆ ಎರಡಂತಸ್ತಿನ ಬಸ್ಸುಗಳು ರಸ್ತೆಯಿಂದ ಮಾಯವಾದವು. ಕಲ್ಪನೆಯ ಊರಿನಲ್ಲಿ ಎರಡೂ ಬಗೆಯ ಬಸ್ಸು ಓಡಿಸುವವರು ತಂತಿಯ ಎತ್ತರವನ್ನು ಮೊದಲೇ ಯೋಚಿಸಬೇಕು.

ತಂತಿಯ ಜೋಲಿನಲ್ಲಿ ಇನ್ನೊಂದು ಸ್ವಾರಸ್ಯ ಇದೆ. ನಿಜವಾದ ತಂತಿ ಸುಮಾರು 12 ಮಿ.ಮೀ ದಪ್ಪದ ತಾಮ್ರ. 30 ಮೀಟರ್ ದೂರದ ಎರಡು ಕಂಬಗಳ ನಡುವೆ ಅದು 13 ಸೆಂ.ಮೀ ಜೋಲುತ್ತದೆ ಅಂತ ಭಾವಿಸಿ. ಮಾದರಿಯಲ್ಲಿ 0.16 ಮಿ.ಮೀ ತಂತಿ, 40 ಸೆಂ.ಮೀ ಅಂತರ, 1.7 ಮಿ.ಮೀ ಜೋಲು. ಇಷ್ಟು ಜೋಲು ಬರಲು ತಂತಿಯನ್ನು ಎಷ್ಟು ಎಳೆಯಬೇಕು ಅಂತ ಲೆಕ್ಕ ಹಾಕಿದರೆ, ಬರೀ 2 ಗ್ರಾಂ ತೂಕ ನೇತುಹಾಕಿದಷ್ಟು! ಆ ಎಳೆತಕ್ಕೆ ತಂತಿಯ ಸಣ್ಣ ಸೊಟ್ಟವೂ ನೆಟ್ಟಗಾಗುವುದಿಲ್ಲ. ಹಾಗಾಗಿ ಬಿಗಿಯಾಗಿ ಎಳೆಯಲೇಬೇಕು, ಎಳೆದರೆ ಜೋಲು ಹೋಗಿ ತಂತಿ ಗೆರೆ ಎಳೆದಂತೆ ನಿಲ್ಲುತ್ತದೆ. ಕೋಲನ್ನು ತಂತಿಗೆ ಒತ್ತುವ ಸ್ಪ್ರಿಂಗ್ ಕೂಡ ತೀರಾ ಮೆತ್ತಗಿರಬೇಕು, ಇಲ್ಲದಿದ್ದರೆ ಬಸ್ಸು ಹೋದಲ್ಲೆಲ್ಲ ತಂತಿ ಮೇಲಕ್ಕೆ ಉಬ್ಬುತ್ತದೆ.

ಕೋಲುಗಳ ಬುಡದ ಚೌಕಟ್ಟು, ಸ್ಪ್ರಿಂಗ್ ಎಲ್ಲ ಭಾರದ ಸಾಮಾನು, ಅದೂ ನೆತ್ತಿಯ ಮೇಲೆ. ಎತ್ತರದ ಬಸ್ಸು ಮಗುಚುವುದಿಲ್ಲವೇ? ಬ್ರಿಟನ್ನಿನಲ್ಲಿ ಇದಕ್ಕೊಂದು ಪರೀಕ್ಷೆ ಇತ್ತು. ಮೇಲಂತಸ್ತಿನಲ್ಲಿ ಪ್ರಯಾಣಿಕರಷ್ಟೇ ಭಾರದ ಮರಳಿನ ಚೀಲ ತುಂಬಿ, ಬಸ್ಸನ್ನು ಪಕ್ಕಕ್ಕೆ 28 ಡಿಗ್ರಿ ವಾಲಿಸುತ್ತಿದ್ದರು. ಬಸ್ಸು ಬೀಳಬಾರದು. ನನಗೆ ತುಂಬಾ ಇಷ್ಟವಾದ ಸಂಗತಿ ಇದು: ಕೋನಕ್ಕೆ ಸ್ಕೇಲ್ ಇಲ್ಲ. ದೊಡ್ಡ ಬಸ್ಸಿಗೂ ಪುಟ್ಟ ಬಸ್ಸಿಗೂ 28 ಡಿಗ್ರಿ ಅಂದರೆ 28 ಡಿಗ್ರಿಯೇ. ಚಕ್ರದ ಹೊರ ಅಂಚು ನಡುಗೆರೆಯಿಂದ ಮೂರೂವರೆ ಅಡಿ ಆಚೆ ಇದ್ದರೆ, ಗುರುತ್ವ ಕೇಂದ್ರ ನೆಲದಿಂದ ಆರೂವರೆ ಅಡಿಯ ಒಳಗಿರಬೇಕು. ನಮ್ಮ ಮಾದರಿಯಲ್ಲಿ ಅದು 26 ಮಿ.ಮೀ. ಮೇಜಿನ ಮೇಲೆ ಒಂದು ಹಲಗೆಯನ್ನು ಅಷ್ಟು ಓರೆ ಮಾಡಿ, ಜಾರದ ಹಾಗೆ ಅಂಚು ಕಟ್ಟಿ, ಬಸ್ಸನ್ನು ಅಡ್ಡಡ್ಡ ನಿಲ್ಲಿಸಿ ನೋಡಿ. ಛಾವಣಿಯನ್ನು ಲೋಹದಲ್ಲಿ ಎರಕ ಹೊಯ್ದಿದ್ದರೆ ಬಿದ್ದೇ ಬೀಳುತ್ತದೆ. ಮೇಲೆ ತೆಳು ಪ್ಲಾಸ್ಟಿಕ್, ನೆಲದಲ್ಲಿ ಸೀಸದ ತುಂಡು ಇಟ್ಟರೆ ನಿಲ್ಲುತ್ತದೆ.

ತೂಕದ ಲೆಕ್ಕವಂತೂ ಬೆರಗು ಹುಟ್ಟಿಸುವಂಥದ್ದು. ತೂಕ ಕುಗ್ಗುವುದು 76 ಪಟ್ಟು ಅಲ್ಲ, 76ರ ಘನದಷ್ಟು, ಅಂದರೆ 4,38,976 ಪಟ್ಟು. 10 ಟನ್ನಿನ ಬಸ್ಸು 23 ಗ್ರಾಂ ಆಗಬೇಕು! ನಾವು ಕಟ್ಟುವ ಮಾದರಿ ಅದಕ್ಕಿಂತ ಎಷ್ಟೋ ಭಾರ, ಯಾಕೆಂದರೆ ಅದರ ಗೋಡೆಗಳೆಲ್ಲ ಅಳತೆಗಿಂತ ದಪ್ಪ.

ಬಸ್ಸನ್ನು ಓಡಿಸುವ ಆಸೆ ಇದ್ದರೆ ವೇಗವನ್ನೂ ಅಳೆಯಬೇಕು. ಗಂಟೆಗೆ 30 ಮೈಲಿ ಅಂದರೆ ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 18 ಸೆಂ.ಮೀ. ನೋಡುವವರಿಗೆ ಇದು ತೀರಾ ನಿಧಾನ ಅನ್ನಿಸುತ್ತದೆ, ಆದರೆ ಸರಿಯಾದ ವೇಗ ಅದೇ. ಬಸ್ಸಿನ ದಿಕ್ಕು ತಿರುಗಿಸಲು ರಸ್ತೆಯೊಳಗೆ ಕಬ್ಬಿಣದ ತಂತಿ ಹೂತು, ಮುಂದಿನ ಆಕ್ಸಲ್‌ಗೆ ಆಯಸ್ಕಾಂತ ಕಟ್ಟುವುದು ಈಗ ಹೆಚ್ಚು ಬಳಕೆಯಲ್ಲಿರುವ ಉಪಾಯ. ಮೇಲಿನ ತಂತಿಯಿಂದ ನಿಜವಾಗಿಯೂ ಕರೆಂಟು ಪಡೆಯುವವರು 12 ವೋಲ್ಟ್ ಹರಿಸುತ್ತಾರೆ. ಆಗ ಅಡ್ಡರಸ್ತೆ ಕೂಡುವಲ್ಲಿ ಕೋಲು ತಂತಿಯಿಂದ ಜಾರುವ ಕಾಟ ನಿಜವಾದ ಬಸ್ಸಿನಲ್ಲಿ ಇದ್ದ ಹಾಗೇ ಇಲ್ಲೂ ಇರುತ್ತದೆ.

ಆ ಕಾಟಕ್ಕೆಂದೇ ಲಂಡನ್ನಿನ ಬಸ್ಸುಗಳಲ್ಲಿ ಉದ್ದನೆಯ ಬಿದಿರಿನ ಕೋಲೊಂದು ಇರುತ್ತಿತ್ತು. ತಂತಿ ತಪ್ಪಿದರೆ ಕಂಡಕ್ಟರ್ ಇಳಿದು ಬಂದು ಅದರಿಂದಲೇ ಟ್ರಾಲಿ ಕೋಲನ್ನು ಹಿಡಿದು ಮತ್ತೆ ತಂತಿಗೆ ಸೇರಿಸುತ್ತಿದ್ದ. ಅದನ್ನು ಇಡಲು ಬಸ್ಸಿನ ಅಡಿಯಲ್ಲಿ ಉದ್ದಕ್ಕೂ ಒಂದು ಕೊಳವೆ. ಮಾದರಿಯಲ್ಲಿ ಒಂದು ಸಣ್ಣ ಹಿತ್ತಾಳೆ ಕೊಳವೆ ತಂದು ನೆಲದಡಿಗೆ ಅಂಟಿಸಿ, ಬಾಯಿ ಹೊರಗೆ ಕಾಣುವ ಹಾಗಿರಲಿ. ನಿಜವಾದ ಬಸ್ಸಿನಲ್ಲಿ ಆ ಕೊಳವೆಯ ಬಾಯಿ ಕಣ್ಣಿನ 6 ಮಿ.ಮೀ ಮಿತಿಗಿಂತ ದೊಡ್ಡದು, 23 ಮೀಟರ್ ದೂರದಿಂದಲೂ ಕಣ್ಣಿಗೆ ಬೀಳುತ್ತದೆ.