ಜಾಮೀನು ನಿಧಿ: ಅಮೆರಿಕದ ಸಮುದಾಯಗಳು ಅದೇ ದುಡ್ಡಿನಲ್ಲಿ ಮತ್ತೆ ಮತ್ತೆ ಜನರನ್ನು ಬಿಡಿಸುವ ಬಗೆ

ಜಾಮೀನು ಎಂದಾಗ ನಮಗೆ ನೆನಪಾಗುವುದು ಪಹಣಿ ಹಿಡಿದು ಕೋರ್ಟಿನ ಮುಂದೆ ನಿಂತ ಶ್ಯೂರಿಟಿದಾರ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದು ನಗದಿನ ಮಾತು. ನ್ಯಾಯಾಧೀಶರು ಹೇಳಿದ ಮೊತ್ತ ಕಟ್ಟಿದರೆ ಆರೋಪಿ ಹೊರಗೆ, ಇಲ್ಲದಿದ್ದರೆ ಒಳಗೆ. ಅಷ್ಟು ಹಣವಿಲ್ಲದವರು, ಪೂರ್ತಿ ಮೊತ್ತಕ್ಕೆ ಕೋರ್ಟಿಗೆ ಹೊಣೆಯಾಗುವ ಬಾಂಡ್ ಏಜೆಂಟರಿಗೆ ಸಾಮಾನ್ಯವಾಗಿ ಮೊತ್ತದ ಶೇ 10 ಕೊಡುತ್ತಾರೆ. ಕೇಸು ಬಿದ್ದುಹೋದರೂ ಆ ಹಣ ಮರಳುವುದಿಲ್ಲ. ಅದಕ್ಕೂ ಗತಿಯಿಲ್ಲದವರು ಅಪರಾಧ ಸಾಬೀತಾಗದೆಯೇ ಜೈಲಿನಲ್ಲಿ ಉಳಿಯುತ್ತಾರೆ. ಸ್ಥಳೀಯ ಜೈಲುಗಳಲ್ಲಿರುವ ಹೆಚ್ಚಿನವರು ಇಂಥ ವಿಚಾರಣಾಧೀನರೇ. ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನರು ಶೇ 14ರಷ್ಟಿದ್ದರೆ, ಈ ಜೈಲುಗಳಲ್ಲಿ ಅವರ ಪಾಲು ಮೂರನೇ ಒಂದರ ಆಸುಪಾಸು.

ಕಲೀಫ್ ಬ್ರೌಡರ್ ಪ್ರಕರಣವನ್ನು ಮರೆಯಬಾರದು. 2010ರಲ್ಲಿ, 16ನೇ ವಯಸ್ಸಿನಲ್ಲಿ, ಒಂದು ಬ್ಯಾಗು ಕದ್ದ ಆರೋಪ. ಜಾಮೀನು 3,000 ಡಾಲರ್. ಮನೆಯವರಿಗೆ ಹೊಂದಿಸಲಾಗಲಿಲ್ಲ. ತಪ್ಪೊಪ್ಪಿಕೊಂಡರೆ ಬಿಡುತ್ತೇವೆಂದರೂ ಆ ಹುಡುಗ ಒಪ್ಪಲಿಲ್ಲ. ವಿಚಾರಣೆಯೇ ನಡೆಯದೆ ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ ಸುಮಾರು ಮೂರು ವರ್ಷ ಕಳೆದ. 2013ರಲ್ಲಿ ಆರೋಪ ಕೈಬಿಟ್ಟರು. 2015ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಜಾಮೀನಿನ ಮೊತ್ತ ಸಣ್ಣದಾದಷ್ಟೂ ಅನ್ಯಾಯ ಕಣ್ಣಿಗೆ ರಾಚುವುದು ಇದಕ್ಕೇ.

ಸಮುದಾಯ ಜಾಮೀನು ನಿಧಿ ಹುಟ್ಟಿದ್ದು ಈ ಜಾಗದಲ್ಲಿ. ಜನರಿಂದ ಕೂಡಿಸಿದ ಹಣವನ್ನು ಕೋರ್ಟಿಗೆ ಕಟ್ಟುತ್ತಾರೆ. ಆರೋಪಿ ಎಲ್ಲ ತಾರೀಖಿಗೂ ಹಾಜರಾದರೆ ಕೇಸು ಮುಗಿದ ಮೇಲೆ ಹಣ ವಾಪಸ್. ಅದೇ ಹಣ ಇನ್ನೊಬ್ಬರಿಗೆ. ನಮ್ಮ ಸ್ವಸಹಾಯ ಸಂಘದ ಸುತ್ತುನಿಧಿಯ ಹಾಗೆ, ಆದರೆ ಇಲ್ಲಿ ಬಡ್ಡಿಯಿಲ್ಲ, ಮರಳಿಸಬೇಕಾದದ್ದು ಕೋರ್ಟು.

ಲೆಕ್ಕ ಮಾಡಿಯೇ ನೋಡೋಣ, ಅಂಕಿಗಳು ಉದಾಹರಣೆಗಷ್ಟೆ. ನಿಧಿ 1,00,000 ಡಾಲರ್, ಸರಾಸರಿ ಜಾಮೀನು 1,000 ಡಾಲರ್ ಇದ್ದರೆ ಒಂದು ಸುತ್ತಿಗೆ 100 ಜನ. ಕೇಸು ಆರು ತಿಂಗಳಲ್ಲಿ ಮುಗಿದರೆ ವರ್ಷಕ್ಕೆ ಎರಡು ಸುತ್ತು, 200 ಜನ. ಹತ್ತು ತಿಂಗಳು ಎಳೆದರೆ 120ಕ್ಕೆ ಇಳಿಯುತ್ತದೆ. ಇನ್ನು ಶೇ 5 ಜನ ಹಾಜರಾಗದೆ ಹಣ ಮುಟ್ಟುಗೋಲಾಯಿತು ಅನ್ನಿ. ಶೇ 95 ಹಾಜರಿ ಎಂದರೆ ಕೇಳಲು ಚೆನ್ನ. ಆದರೆ 200ರಲ್ಲಿ 10 ಜನ, ಅಂದರೆ 10,000 ಡಾಲರ್; ಒಂದೇ ವರ್ಷದಲ್ಲಿ ಮೂಲಧನದ ಹತ್ತನೇ ಒಂದು ಪಾಲು ಖಾಲಿ. ಸುತ್ತು ಹೆಚ್ಚಿದಷ್ಟೂ ಸೋರಿಕೆಯೂ ಹೆಚ್ಚು. ಒಮ್ಮೆ ಕೊಟ್ಟರೆ ಸದಾಕಾಲ ತಿರುಗುತ್ತದೆ ಎಂದು ದಾನಿಗಳಿಗೆ ಹೇಳುವವರು ಬಿಟ್ಟುಬಿಡುವ ಲೆಕ್ಕ ಇದೇ.

ಹಣ ಕಟ್ಟುವ ಕೆಲಸ ಸರಳವಲ್ಲ. ಬಡ ಆರೋಪಿಗಳ ಪರ ನಿಲ್ಲಲು ಸರ್ಕಾರ ಕೊಡುವ ವಕೀಲರಿಂದ ಹೆಸರು ಬರುತ್ತದೆ. ಮೊದಲು ನೋಡಬೇಕಾದದ್ದು ಬೇರೆ ತಡೆ ಇದೆಯೇ ಎಂದು: ಇನ್ನೊಂದು ಜಿಲ್ಲೆಯ ವಾರಂಟ್, ಹಳೆಯ ಶಿಕ್ಷೆಯ ಪೆರೋಲ್ ತಡೆ, ಬಿಡದೆ ಹಿಡಿದಿಡಿ ಎಂಬ ವಲಸೆ ಇಲಾಖೆಯ ಕೋರಿಕೆ. ಇದನ್ನು ನೋಡದೆ ಕಟ್ಟಿದರೆ ಹಣವೂ ಸಿಕ್ಕಿಕೊಳ್ಳುತ್ತದೆ, ಮನುಷ್ಯನೂ ಹೊರಬರುವುದಿಲ್ಲ. ವಲಸಿಗನಾದರೆ ನೇರವಾಗಿ ವಲಸೆ ಇಲಾಖೆಯ ವಶಕ್ಕೆ ಹೋಗಬಹುದು. ಆಮೇಲೆ ರಸೀದಿ. ಕಟ್ಟಿದವರ ಜಾಗದಲ್ಲಿ ನಿಧಿಯ ಹೆಸರು, ಸರಿಯಾದ ವಿಳಾಸ, ಕೇಸು ಸಂಖ್ಯೆ ಇರಲೇಬೇಕು. ಮರುಪಾವತಿ ಹುಡುಕಿಕೊಂಡು ಬರುವುದು ಆ ಚೀಟಿಯ ವಿಳಾಸಕ್ಕೆ. ಕೆಲವು ಕಡೆ ಬೇರೆಯವರು ಕಟ್ಟಿದ ಹಣವನ್ನೂ ಆರೋಪಿಯ ದಂಡ, ಶುಲ್ಕಕ್ಕೆ ಮುರಿದುಕೊಳ್ಳುತ್ತಾರೆ. ಸ್ಥಳೀಯ ನಿಯಮ ಓದದೆ ಬಜೆಟ್ ಬರೆಯಬೇಡಿ.

ಬಿಡುಗಡೆಯ ನಂತರದ್ದೇ ದೊಡ್ಡ ಕೆಲಸ. ಹೆಚ್ಚಿನವರು ತಾರೀಖು ತಪ್ಪಿಸುವುದು ಓಡಿಹೋಗಲೆಂದಲ್ಲ. ಬಸ್ಸಿಲ್ಲ, ಮಗುವನ್ನು ನೋಡಿಕೊಳ್ಳುವವರಿಲ್ಲ, ಪಾಳಿ ಬಿಟ್ಟರೆ ಕೆಲಸ ಹೋಗುತ್ತದೆ. ಅದಕ್ಕೇ ವಾರ ಮೊದಲು, ಹಿಂದಿನ ದಿನ, ಆ ಬೆಳಿಗ್ಗೆ ಸಂದೇಶ, ಬಸ್ ಚಾರ್ಜು, ಮನೆಯವರ ಇನ್ನೊಂದು ನಂಬರು. ತಾರೀಖು ತಪ್ಪಿದರೂ ಬೇಗ ಹಾಜರುಪಡಿಸಿದರೆ ಮುಟ್ಟುಗೋಲು ರದ್ದು ಮಾಡಿಸಲು ಹಲವು ರಾಜ್ಯಗಳಲ್ಲಿ ಅವಕಾಶವಿದೆ, ಆದರೆ ಅರ್ಜಿ ಹಾಕುವವರೊಬ್ಬರು ಬೇಕು. ಆ ಒಬ್ಬರ ಸಂಬಳವನ್ನು ಜಾಮೀನಿಗೆಂದೇ ಮೀಸಲಿಟ್ಟ ದಾನದಿಂದ ಕೊಡುವಂತಿಲ್ಲ. ಆದ್ದರಿಂದ ಎರಡು ಖಾತೆ ಬೇರೆಬೇರೆ ಇಡಬೇಕು, ಮತ್ತು ಷರತ್ತಿಲ್ಲದ ದಾನವನ್ನೇ ಮೊದಲು ಕೇಳಬೇಕು. 2020ರ ಮೇ ತಿಂಗಳಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ಮೇಲೆ, ತೀರಾ ಸಣ್ಣದಾಗಿದ್ದ ಮಿನ್ನೆಸೋಟ ಫ್ರೀಡಂ ಫಂಡ್ ಎಂಬ ಜಾಮೀನು ನಿಧಿಗೆ ಕೆಲವೇ ವಾರಗಳಲ್ಲಿ 3 ಕೋಟಿ ಡಾಲರಿಗೂ ಹೆಚ್ಚು ಹರಿದುಬಂತು. ಹಣ ಅಷ್ಟು ವೇಗವಾಗಿ ಬರಬಹುದು, ತರಬೇತಾದ ಕೈಗಳು ಬರುವುದಿಲ್ಲ. ಖರ್ಚು ನಿಧಾನವಾಯಿತೆಂಬ ಟೀಕೆ ಕೂಡಲೇ ಎದ್ದಿತು.

ಕಾನೂನಿನ ಅಡ್ಡಿಯೂ ಇದೆ. 2007ರಲ್ಲಿ ಶುರುವಾದ ನ್ಯೂಯಾರ್ಕಿನ ಬ್ರಾಂಕ್ಸ್ ಫ್ರೀಡಂ ಫಂಡ್ ಪರವಾನಗಿಯಿಲ್ಲದ ಬಾಂಡ್ ವ್ಯಾಪಾರ ನಡೆಸುತ್ತಿದೆ ಎಂಬ ಕಾರಣಕ್ಕೆ ನ್ಯಾಯಾಧೀಶರೊಬ್ಬರು ಅದನ್ನು ತಡೆದರು. ನ್ಯೂಯಾರ್ಕ್ 2012ರಲ್ಲಿ ದತ್ತಿ ಜಾಮೀನಿಗೆ ಕಾನೂನು ಮಾಡಿದ ಮೇಲೆ ಅದು ಮತ್ತೆ ನಡೆಯಿತು. ಆಗಿನ ಮಿತಿ ಸಣ್ಣ ಅಪರಾಧಗಳು, 2,000 ಡಾಲರ್. ಜಾರ್ಜಿಯಾ 2024ರಲ್ಲಿ ಒಂದು ಸಂಸ್ಥೆ ವರ್ಷಕ್ಕೆ ಮೂರೇ ನಗದು ಜಾಮೀನು ಕಟ್ಟಬಹುದೆಂದು ಕಾನೂನು ತಂದಿತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಯಿತು.

ಹಾಗಾದರೆ ದೊಡ್ಡ ದಾನಿಗಳು ಎಲ್ಲಿ ಹಾಕಬೇಕು? ಕಲಾ ಸಂಗ್ರಾಹಕಿ ಆಗ್ನೆಸ್ ಗುಂಡ್ ತಮ್ಮ ಸಂಗ್ರಹದ ಒಂದು ಚಿತ್ರವನ್ನು 16.5 ಕೋಟಿ ಡಾಲರಿಗೆ ಮಾರಿ, 10 ಕೋಟಿಯನ್ನು 2017ರಲ್ಲಿ, ಜೈಲುವಾಸ ತಗ್ಗಿಸುವ ಕೆಲಸಗಳಿಗೆ ಹಣ ಕೊಡುವ ಆರ್ಟ್ ಫಾರ್ ಜಸ್ಟಿಸ್ ಫಂಡ್‌ಗೆ ಕೊಟ್ಟರು. ಮೂಲಧನ ಕೂಡಿಡದೆ ಹಂಚಿ, ಆ ನಿಧಿ 2023ರಲ್ಲಿ ಮುಚ್ಚಿತು. ನಮ್ಮ ಮಟ್ಟಿಗೆ ಇದೇ ಸರಿಯಾದ ದಾರಿ, ಯಾಕೆಂದರೆ ಜಾಮೀನು ನಿಧಿಯ ಗುರಿಯೇ ತನ್ನ ಅಗತ್ಯ ಇಲ್ಲವಾಗುವುದು.

ಷಿಕಾಗೊದಲ್ಲಿ ಅದು ನಡೆದದ್ದು ಹೀಗೆ. ಷಿಕಾಗೊ ಕಮ್ಯುನಿಟಿ ಬಾಂಡ್ ಫಂಡ್ ಜನರನ್ನು ಬಿಡಿಸುತ್ತಲೇ ಇತರ ಸಂಘಟನೆಗಳೊಂದಿಗೆ ಒಕ್ಕೂಟ ಕಟ್ಟಿತು. ಸ್ವಯಂಸೇವಕರು ಜಾಮೀನು ಕೋರ್ಟಿನ ಬೆಂಚಿನಲ್ಲಿ ಕೂತು, ಯಾರಿಗೆ ಎಷ್ಟು ಮೊತ್ತ ಎಂದು ಬರೆದುಕೊಂಡರು. ಆ ಕಾಗದಗಳು ಶಾಸಕರ ಮುಂದೆ ಹೋದವು. ನಗದು ಜಾಮೀನು ರದ್ದುಮಾಡುವ ಕಾನೂನಿಗೆ 2021ರಲ್ಲಿ ಸಹಿ ಬಿತ್ತು, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಮತ್ತು 2023ರ ಸೆಪ್ಟೆಂಬರ್ 18ರಂದು, ಷಿಕಾಗೊ ಇರುವ ಇಲಿನಾಯ್ ನಗದು ಜಾಮೀನನ್ನು ಪೂರ್ತಿಯಾಗಿ ತೆಗೆದುಹಾಕಿದ ಮೊದಲ ರಾಜ್ಯವಾಯಿತು.