ಎದುರಿಗೇ ಸಮುದ್ರ ಇದ್ದರೂ ಅಕ್ವೇರಿಯಂಗೆ ಅಷ್ಟೊಂದು ಯಂತ್ರ ಯಾಕೆ?

ಓದುಗರ ಪ್ರಶ್ನೆ: ಉಷ್ಣವಲಯದ ದ್ವೀಪದಲ್ಲಿ, ಸಮುದ್ರದ ದಡದಲ್ಲೇ ಅಕ್ವೇರಿಯಂ ಕಟ್ಟುವಾಗ ಎದುರಿನ ನೀರನ್ನೇ ಪಂಪ್ ಮಾಡಿ ಟ್ಯಾಂಕಿಗೆ ಬಿಟ್ಟು, ವಾಪಸ್ ಸಮುದ್ರಕ್ಕೇ ಹರಿಸಬಹುದಲ್ವಾ? ಫಿಲ್ಟರು, ನೀರು ತಂಪು ಮಾಡುವ ಚಿಲ್ಲರು ಅಂತ ಯಾಕೆ ಅಷ್ಟು ಖರ್ಚು?

ಹರಿಸಬಹುದು. ಕೆಲವು ಕಡೆ ಹಾಗೇ ಮಾಡುತ್ತಾರೆ ಕೂಡ. ಹವಾಯಿಯ ಮಾವಿ ಓಷನ್ ಸೆಂಟರ್‌ಗೆ ಪಕ್ಕದ ಕೊಲ್ಲಿಯ ನೀರೇ ಬರುತ್ತದೆ. ಜಪಾನಿನ ಓಕಿನಾವಾದಲ್ಲಿರುವ ಚುರಾಉಮಿ ಅಕ್ವೇರಿಯಂನ ಹವಳದ ಟ್ಯಾಂಕಿಗೆ ಮುಚ್ಚಿಗೆಯೇ ಇಲ್ಲ. ಬಿಸಿಲು ನೇರವಾಗಿ ಬೀಳುತ್ತದೆ, ಹೊಸ ಸಮುದ್ರದ ನೀರು ಬರುತ್ತಲೇ ಇರುತ್ತದೆ. ಇದಕ್ಕೆ ಓಪನ್ ಸಿಸ್ಟಮ್ ಅಂತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ ಲಕ್ಷಗಟ್ಟಲೆ ಲೀಟರ್ ನೀರು ತಯಾರಿಸುವ ಕೆಲಸ ತಪ್ಪುತ್ತದೆ. ಅವಕಾಶ ಇರುವ ಕಡೆ ನಾನೂ ಇದನ್ನೇ ಆರಿಸಿಕೊಳ್ಳಿ ಅಂತೀನಿ.

ಆದರೆ ದಡದ ನೀರು ದಿನವೂ ಒಂದೇ ಥರ ಇರೋದಿಲ್ಲ. ಜೋರು ಮಳೆ ಬಂದರೆ ಹಳ್ಳಗಳು ಕೆಸರು ಹೊತ್ತು ತರುತ್ತವೆ, ಮೇಲಿನ ನೀರಿನ ಉಪ್ಪು ಇಳಿದುಬಿಡುತ್ತದೆ. ಹತ್ತಿರದಲ್ಲಿ ಬಂದರು ಇದ್ದರೆ ದೋಣಿಗಳ ಎಣ್ಣೆ ಬೇರೆ. ಸಮುದ್ರದಲ್ಲಿರುವ ಮೀನು ಅಂಥ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತದೆ, ಟ್ಯಾಂಕಿನ ಮೀನು ಎಲ್ಲಿಗೆ ಹೋಗಬೇಕು? ಅದಕ್ಕೇ ನೀರು ಎಳೆಯುವ ಪೈಪನ್ನು ದಡದಿಂದ ದೂರ, ಅಲೆ ಕೆಸರೆಬ್ಬಿಸದಷ್ಟು ಆಳಕ್ಕೆ ಒಯ್ದು, ಬಾಯನ್ನು ತಳದ ಮರಳಿಗಿಂತ ಮೇಲೆ ಇಡಬೇಕು.

ಆ ಪೈಪಿನ ಒಳಗೂ ಒಂದು ಕಥೆ ಇದೆ. ನೀರಿನ ಜೊತೆ ಕಣ್ಣಿಗೆ ಕಾಣದ ಮರಿಗಳು ಬರುತ್ತವೆ. ಬಾರ್ನಕಲ್, ಮಸ್ಸೆಲ್‌ನಂಥ ಚಿಪ್ಪಿನ ಜೀವಿಗಳು ಪೈಪಿನ ಗೋಡೆಗೆ ಅಂಟಿಕೊಂಡು, ಹರಿದು ಬರುವ ನೀರಿನಲ್ಲೇ ಊಟ ಹುಡುಕಿಕೊಂಡು ದಪ್ಪಗೆ ಬೆಳೆದು, ಕೊನೆಗೆ ದಾರಿಯನ್ನೇ ಕಟ್ಟಿಬಿಡುತ್ತವೆ. ಹಾಗಾಗಿ ಎರಡು ಪೈಪ್ ಹಾಕೋದು ಒಳ್ಳೆಯದು. ಒಂದು ಓಡುತ್ತಿರುವಾಗ ಇನ್ನೊಂದನ್ನು ಮುಚ್ಚಿಟ್ಟರೆ ಒಳಗಿನ ಆಮ್ಲಜನಕ ಮುಗಿದು ಅವು ಸಾಯುತ್ತವೆ. ಆಮೇಲೆ ಆ ಕೊಳೆತ ನೀರನ್ನು ಪೂರ್ತಿ ಹೊರಚೆಲ್ಲಿ, ಪೈಪ್ ಉಜ್ಜಿ ತೊಳೆದು ಮತ್ತೆ ಬಳಸಬಹುದು. ಹೊನಲುಲುವಿನಲ್ಲಿ 1904ರಲ್ಲಿ ಶುರುವಾದ ವೈಕಿಕಿ ಅಕ್ವೇರಿಯಂನವರಿಗೆ ಉಪ್ಪುನೀರಿನ ಬಾವಿಯೂ ಇದೆ. ನೆಲದೊಳಗಿಂದ ಸೋಸಿ ಬರುವ ನೀರು ತಿಳಿಯಾಗಿರುತ್ತದೆ, ಆದರೆ ಆಮ್ಲಜನಕ ಕಮ್ಮಿ. ಗಾಳಿ ಬೆರೆಸದೆ ಮೀನಿಗೆ ಕೊಡುವ ಹಾಗಿಲ್ಲ.

ಇನ್ನು ಬಿಸಿ. ಹವಳಕ್ಕೆ ಬೆಚ್ಚಗಿನ ನೀರೇ ಬೇಕು, ನಿಜ. ಆದರೆ ಆ ಜಾಗದ ಬೇಸಿಗೆಯ ಗರಿಷ್ಠ ಬಿಸಿಗಿಂತ ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಅದು ಬಿಳಿಚಿಕೊಳ್ಳಲು ಶುರುವಾಗುತ್ತದೆ. ಹೊರಗಿನ ಸಮುದ್ರ ಕಾದ ದಿನ ಚಿಲ್ಲರ್ ಬೇಕೇ ಬೇಕು. ಅದರಲ್ಲಿ ನೀರು ತಾಗುವ ಭಾಗ ಟೈಟಾನಿಯಂನದ್ದಾಗಿರಲಿ. ಅಗ್ಗ ಅಂತ ತಾಮ್ರ ಹಾಕಿದರೆ ಅದು ಚೂರುಚೂರೇ ಕರಗಿ ಹವಳ, ಸಿಗಡಿ ಎಲ್ಲವನ್ನೂ ಕೊಲ್ಲುತ್ತದೆ.

ಪೈಪ್ ಮುಚ್ಚಬೇಕಾದ ದಿನಗಳು ಬಂದೇ ಬರುತ್ತವೆ. ಆಗ ಒಳಗಿನ ನೀರನ್ನೇ ಸುತ್ತಿಸಬೇಕು. ಮೀನು ಕಿವಿರಿನಿಂದ ತನಗೇ ವಿಷವಾಗುವ ಅಮೋನಿಯಾ ಬಿಡುತ್ತಲೇ ಇರುತ್ತದೆ, ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಮೊದಲೇ ನೆಲೆಯಾಗಿರಬೇಕು. ತೊಂದರೆ ಬಂದ ದಿನ ಸ್ವಿಚ್ ಹಾಕಿದರೆ ಅವು ಹುಟ್ಟಿಕೊಳ್ಳೋದಿಲ್ಲ, ಬೆಳೆಯೋಕೆ ವಾರಗಳೇ ಬೇಕು. ಆದ್ದರಿಂದ ಓಪನ್ ಸಿಸ್ಟಮ್ ಇದ್ದರೂ ಫಿಲ್ಟರ್ ದಿನವೂ ಓಡುತ್ತಿರಬೇಕು.

ಕಟ್ಟಡದ ಬಗ್ಗೆ ನನಗೆ ಒಂದೇ ಒಂದು ಹಟ ಇದೆ. ಅಲೆಯಾಕಾರದ ಚಾವಣಿಗಿಂತ ಮೊದಲು ಪಂಪ್, ಜನರೇಟರ್ ಎಲ್ಲಿ ಕೂರುತ್ತವೆ ಅಂತ ತೀರ್ಮಾನವಾಗಬೇಕು. 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್‌ನ ಅಕ್ವೇರಿಯಂ ಕಟ್ಟಡ ನಿಂತೇ ಇತ್ತು. ಆದರೆ ಕರೆಂಟ್ ಹೋಗಿ, ಜನರೇಟರೂ ಕೈಕೊಟ್ಟು, ಒಳಗಿದ್ದ ಮೀನುಗಳಲ್ಲಿ ಹೆಚ್ಚಿನವು ಸತ್ತವು. ಚಂಡಮಾರುತ ಬರುವ ದ್ವೀಪದಲ್ಲಿ ಇವನ್ನು ನೆಲಮಾಳಿಗೆಯಲ್ಲಿ ತುರುಕುವುದು ತಪ್ಪು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯೋದೂ ಬೇಗ, ಹಾಗಾಗಿ ಪೈಪಿಗೆ ಪ್ಲಾಸ್ಟಿಕ್, ಜನ ಕಾಲಿಟ್ಟು ಓಡಾಡುವ ಜಾಲರಿ ನೆಲಕ್ಕೆ ಫೈಬರ್ ಬಳಸಿ.

ವಾಪಸ್ ಬಿಡೋದು ಇನ್ನೂ ಸೂಕ್ಷ್ಮ. ಟ್ಯಾಂಕಿನ ನೀರಿನಲ್ಲಿ ಔಷಧಿ, ರೋಗಾಣು, ಆ ಸಮುದ್ರದ್ದಲ್ಲದ ಜೀವಿಗಳ ಮೊಟ್ಟೆ ಇರಬಹುದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಲಯನ್‌ಫಿಶ್ ಕೆರಿಬಿಯನ್ ಪೂರ್ತಿ ಹರಡಿದೆ, ಸಾಕಿದವರು ಹೊರಗೆ ಬಿಟ್ಟದ್ದೇ ಕಾರಣ ಅಂತ ಬಲವಾಗಿ ನಂಬಲಾಗಿದೆ. ಆದ್ದರಿಂದ ಹೊರಹೋಗುವ ನೀರನ್ನೂ ಸೋಸಿ, ರೋಗಾಣು ಕೊಲ್ಲುವ ಓಝೋನ್ ಅನಿಲ ಇಲ್ಲವೇ ಯುವಿ ಬೆಳಕು ದಾಟಿಸಬೇಕು. ಬಿಡುವ ಜಾಗ ಎಳೆಯುವ ಪೈಪಿಗೆ ದೂರ ಇರಬೇಕು. ಉಬ್ಬರ ಇಳಿತಕ್ಕೆ, ಗಾಳಿಯ ಕಾಲಕ್ಕೆ ಹರಿವಿನ ದಿಕ್ಕು ಬದಲಾಗುತ್ತದೆ, ಹಾಗಾಗಿ ನಕ್ಷೆ ಬರೆಯುವ ಮೊದಲೇ ಒಂದು ವರ್ಷ ಪೂರ್ತಿ ಅಲ್ಲಿನ ಹರಿವು, ಉಪ್ಪು, ಬಿಸಿ ಅಳೆದು ಇಟ್ಟುಕೊಳ್ಳಿ.