ಹೆಡ್‌ರೈಟ್: ತಲೆಯೊಂದಕ್ಕೆ 50 ಎಕರೆ

17ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ವರ್ಜೀನಿಯಾಕ್ಕೆ ಬಂದು ನೆಲೆಸಿದ ಮನೆತನದ ಮೂಲಪುರುಷನನ್ನು ಹುಡುಕಹೊರಟವರಿಗೆ ಬಹುಬೇಗ ಎದುರಾಗುವ ಪದ ‘ಹೆಡ್‌ರೈಟ್’. ಕನ್ನಡದಲ್ಲಿ ತಲೆಹಕ್ಕು ಎನ್ನಬಹುದು. ತಲೆಗಂದಾಯದಲ್ಲಿ ತಲೆ ಎಣಿಸುವುದು ವಸೂಲಿಗಾಗಿ; ಇಲ್ಲಿ ಎಣಿಸಿದ್ದು ಜಮೀನು ಕೊಡುವುದಕ್ಕಾಗಿ.

ಹೊಗೆಸೊಪ್ಪು ಬೆಳೆಯಲು ಅಲ್ಲಿ ನೆಲವಿತ್ತು (ಅದು ಪೊವ್‌ಹಾಟನ್ ಮೂಲನಿವಾಸಿಗಳ ನೆಲವೆಂಬುದನ್ನು ಮರೆಯಬಾರದು), ದುಡಿಯುವ ಆಳುಗಳಿರಲಿಲ್ಲ. ಆದ್ದರಿಂದ ಆ ವಸಾಹತನ್ನು ನಡೆಸುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಸಂಸ್ಥೆಯಾದ ವರ್ಜೀನಿಯಾ ಕಂಪನಿಯು 1618ರಲ್ಲಿ, ಯಾರು ಒಬ್ಬ ವ್ಯಕ್ತಿಯ ಹಡಗಿನ ಖರ್ಚನ್ನು ಭರಿಸಿ ಕರೆತರುತ್ತಾರೋ ಅವರಿಗೆ ತಲೆಯೊಂದಕ್ಕೆ 50 ಎಕರೆ ಎಂದು ಗೊತ್ತುಮಾಡಿತು. 1624ರಲ್ಲಿ ಕಂಪನಿಯೇ ರದ್ದಾದರೂ ಪದ್ಧತಿ ಉಳಿಯಿತು. ಹಕ್ಕು ಖರ್ಚು ಕೊಟ್ಟವನದು, ಬಂದವನದಲ್ಲ ಎಂಬುದೇ ಇದರ ತಿರುಳು. ಸ್ವಂತ ಖರ್ಚಿನಲ್ಲಿ ಬಂದವನು ತನ್ನ ತಲೆಗೆ ತಾನೇ ಜಮೀನು ಪಡೆಯುತ್ತಿದ್ದ. ಹಲವು ವರ್ಷ ದುಡಿದು ಋಣ ತೀರಿಸುವ ಕರಾರಿನ ಮೇಲೆ ಬಂದ ಆಳಿನ ತಲೆಯ ಜಮೀನು ಬೇರೊಬ್ಬರ ಪಾಲಾಗುತ್ತಿತ್ತು. ಬಲವಂತವಾಗಿ ತರಲ್ಪಟ್ಟ ಆಫ್ರಿಕನ್ನರ ಹೆಸರುಗಳೂ ಇದೇ ಪಟ್ಟಿಗಳಲ್ಲಿವೆ ಎಂಬುದು ಓದುವಾಗ ಮನಸ್ಸನ್ನು ಕಲಕುತ್ತದೆ.

ಹಕ್ಕುದಾರನು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಪ್ರಮಾಣಪತ್ರ ಪಡೆದು, ಜಮೀನಿನ ಅಳತೆಯಾದ ಮೇಲೆ ಪಟ್ಟಾ ಪಡೆಯುತ್ತಿದ್ದ. ಯಾರ ತಲೆಯ ಲೆಕ್ಕದಲ್ಲಿ ಜಮೀನು ದೊರೆಯಿತೋ ಅವರ ಹೆಸರುಗಳನ್ನು ಪಟ್ಟಾದ ಕೊನೆಯಲ್ಲಿ ಬರೆಯುತ್ತಿದ್ದರು. ವಂಶಾವಳಿ ಬರೆಯುವವರು ಎಡವುವುದು ಇಲ್ಲಿಯೇ. 1653ರ ಪಟ್ಟಾದಲ್ಲಿ ಹೆಸರು ಕಂಡರೆ ‘1653ರಲ್ಲಿ ಬಂದರು’ ಎಂದು ಬರೆದುಬಿಡುತ್ತಾರೆ. ಆದರೆ ಹಕ್ಕನ್ನು ಕೂಡಲೇ ಚಲಾಯಿಸಬೇಕೆಂಬ ಕಟ್ಟಳೆ ಇರಲಿಲ್ಲ. ಅದನ್ನು ಮಾರಬಹುದಿತ್ತು, ಕೊಂಡವನು ವರ್ಷಗಳ ಕಾಲ ಇಟ್ಟುಕೊಂಡು ಬಳಿಕ ಜಮೀನು ಬೇಡಬಹುದಿತ್ತು. ಆದ್ದರಿಂದ ಪಟ್ಟಾದ ಒಡೆಯನಿಗೂ ಅದರಲ್ಲಿರುವ ಹೆಸರಿನವನಿಗೂ ಪರಿಚಯವೇ ಇರಬೇಕಾಗಿಲ್ಲ, ನೆಂಟಸ್ತಿಕೆಯಂತೂ ದೂರದ ಮಾತು. ಒಬ್ಬನೇ ಪ್ರಯಾಣಿಕನನ್ನು ಹಡಗಿನ ಕಪ್ತಾನನೂ ತೋಟದ ಒಡೆಯನೂ ಬೇರೆಬೇರೆಯಾಗಿ ಲೆಕ್ಕಕ್ಕೆ ತೋರಿಸಿದ್ದುಂಟು; ಇಂಗ್ಲೆಂಡಿಗೆ ಹೋಗಿಬಂದವನು ಪ್ರತಿ ಸಲವೂ ಹೊಸ ತಲೆಯಾಗಿ ಎಣಿಕೆಗೆ ಬಂದದ್ದುಂಟು. ಹೀಗಾಗಿ ಒಂದೇ ಹೆಸರು ಎರಡು ಕಡೆ ಸಿಕ್ಕರೆ ಇಬ್ಬರು ಇದ್ದರೆಂದೂ ಹೇಳಲಾಗದು, ಒಬ್ಬನೇ ಎಂದೂ ಹೇಳಲಾಗದು.

ಈ ಪಟ್ಟಾಗಳನ್ನು ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾ ಕಾಪಾಡಿಕೊಂಡು ಬಂದಿದೆ. ನನ್ನ ಮಟ್ಟಿಗೆ, ಪಟ್ಟಾ ಸಿಕ್ಕಾಗ ಹುಡುಕಾಟ ಶುರುವಾಯಿತೆಂದೇ ತಿಳಿಯಬೇಕು: ಅಲ್ಲಿಂದ ಹಿಂದಕ್ಕೆ ಹೋಗಿ ಕೌಂಟಿ ನ್ಯಾಯಾಲಯದ ಆದೇಶ ಪುಸ್ತಕದಲ್ಲಿ ಮೂಲ ಪ್ರಮಾಣಪತ್ರದ ದಾಖಲೆಯನ್ನು ಹುಡುಕಿದರೆ, ಬಂದ ಕಾಲಕ್ಕೆ ಇನ್ನಷ್ಟು ಹತ್ತಿರವಾದ ತಾರೀಖು ಸಿಗಬಹುದು. ಆದರೆ ಅಂತರ್ಯುದ್ಧದ ವೇಳೆ ಜೋಪಾನಕ್ಕೆಂದು ರಿಚ್ಮಂಡ್‌ಗೆ ಕಳುಹಿಸಿದ್ದ ಹಲವು ಕೌಂಟಿಗಳ ಕಡತಗಳು 1865ರ ಏಪ್ರಿಲ್‌ನ ಬೆಂಕಿಯಲ್ಲಿ ಸುಟ್ಟುಹೋದವು. ಅಂಥ ಕೌಂಟಿಯ ಮನೆತನಕ್ಕೆ ಪಟ್ಟಾದ ಹೆಸರಷ್ಟೇ ಗತಿಯಾದಾಗ, ವಂಶಾವಳಿಯಲ್ಲಿ ‘1653ರಲ್ಲಿ ಅಥವಾ ಅದಕ್ಕೂ ಮೊದಲು’ ಎಂದಷ್ಟೇ ಬರೆಯಬೇಕಾಗುತ್ತದೆ.